ಒಂದೇ ಕಲ್ಲು, ಮೂರು ಹೆಸರು

ತೊಂಬತ್ತಾರನೇ ಇಸವಿಯಲ್ಲಿ ಸಿಮೆಂಟ್ ಕಂಪನಿಯೊಂದು ಜೇವರ್ಗಿ ಹತ್ತಿರ ಸುಣ್ಣಕಲ್ಲು ಹುಡುಕುತ್ತಿತ್ತು. ಅದರ ಕ್ಯಾಂಪಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಭಾಗಮ್ಮ. ಅವಳಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲೇ ಸವೆದವನು. ಅವನಿಗೆ ಬುತ್ತಿ ಒಯ್ಯುವಾಗ, ನೆಲದೊಳಗೆ ಕಲ್ಲು ಹೇಗೆ ಮಡಚಿಕೊಂಡಿರುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು.

ಬೋರ್ ಕೊರೆದಾಗ ಯಾವ ಕಲ್ಲು ಎಷ್ಟು ಆಳದಲ್ಲಿ ಸಿಕ್ಕಿತೆಂದು ಅವಳು ತುಂಬಿದರೆ ಸಾಫ್ಟ್‌ವೇರ್ ನೆಲದೊಳಗಿನ ಚಿತ್ರ ಬರೆಯುತ್ತಿತ್ತು. ಏಳನೇ ಬೋರಿನಲ್ಲಿ ಕರಿ ಸುಣ್ಣಕಲ್ಲು ಮೂರು ಬೇರೆ ಬೇರೆ ಆಳದಲ್ಲಿ ಸಿಕ್ಕಿತು. ಆ ಹಟಮಾರಿ ಯಂತ್ರವೋ, ಒಂದು ಬೋರಿನಲ್ಲಿ ಒಂದು ಪದರವನ್ನು ಒಂದೇ ಸಲ ಒಪ್ಪುತ್ತಿತ್ತು.

"ಮಡಚಿದ ಕೌದಿಗೆ ದಬ್ಬಣ ಚುಚ್ಚಿದಂಗ ಆಗ್ಯಾದ್ರಿ ಸಾಹೇಬ್ರ. ಒಂದೇ ಪದರ ಮೂರು ಸಲ ಬಂದದ," ಎಂದಳು ಭಾಗಮ್ಮ.

"ಅದೆಲ್ಲಾ ನಿನಗ್ಯಾಕ ಬೇ? ಸಂಜಿಕ ನನಗ ಚಿತ್ರ ಬೇಕು," ಎಂದರು ಕ್ಯಾಂಪಿನ ಉಸ್ತುವಾರಿ ಹೊತ್ತ ಸಾಹೇಬರು.

ಅವಳಿಗೆ ಮೈಯೆಲ್ಲ ಉರಿಯಿತು. ಕರಿ ಒಂದು, ಕರಿ ಎರಡು, ಕರಿ ಮೂರು ಎಂದು ಒಂದೇ ಕಲ್ಲಿಗೆ ಮೂರು ಹೆಸರಿಟ್ಟು ತುಂಬಿದಳು. ಯಂತ್ರ ತೆಪ್ಪಗೆ ಮೂರು ಬೇರೆ ಬೇರೆ ಪದರಗಳನ್ನು ಬರೆದುಕೊಟ್ಟಿತು.

ಚಿತ್ರ ನೋಡಿದ ಸಾಹೇಬರು ಕುಣಿಯುವುದೊಂದು ಬಾಕಿ. ಮೂರು ಪಟ್ಟು ಕಲ್ಲಿದೆಯೆಂದು ಮೇಲಿನವರಿಗೆ ವರದಿ ಹೋಯಿತು. ಮುಂದಿನ ತಿಂಗಳೇ ಭಾಗಮ್ಮನ ದಿನಗೂಲಿ ಕೆಲಸ ಕಾಯಂ ಆಯಿತು. ನಿಜ ಹೇಳಿಬಿಡೋಣವೆಂದು ಸಾಹೇಬರ ಬಾಗಿಲತನಕ ಹೋದಳು. ಒಳಗೆ ಅವರು ಯಾರ ಮುಂದೋ ಅವಳನ್ನೇ ಹೊಗಳುತ್ತಿದ್ದರು. ಬಾಯಿ ಬಿಟ್ಟರೆ ಸುಳ್ಳು ಬರೆದವಳು ತಾನೇ ಆಗುತ್ತಿದ್ದಳು.

ಅವಳನ್ನು ಕಂಡು ಸಾಹೇಬರು ಒಳಗೆ ಕರೆದರು.

"ಇನ್ನೂ ಆಳಕ ಕೊರಸಾಕತ್ತೇವಿ, ಭಾಗಮ್ಮ. ಕೆಳಗ ಕರಿ ನಾಲ್ಕು ಇದ್ದೇ ಇರ್ತದ. ಈಗೇ ತುಂಬಿಬಿಡು."

"ಆಯ್ತ್ರಿ," ಎಂದಳು ಭಾಗಮ್ಮ.