ರಾಣಿ ರೂಪಾಯಿಗೆ ಹಾಕಿಸಿದ ಸ್ಲ್ಯಾಬ್

ಪ್ಲಾಸ್ಟಿಕ್ ಡಬ್ಬಿಯೊಳಗಿನ ನಾಣ್ಯ ಕಂಡರೆ ನನಗೆ ಇವತ್ತಿಗೂ ಆಗದು. ಯಾರಾದರೂ ಅದನ್ನು ಷೋಕೇಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲೊಂದು ದೀಪ ಹಚ್ಚಿ, 'ನೋಡ್ರಿ' ಎಂದರೆ ನಾನು ನೋಡುವುದಿಲ್ಲ. ಚಹಾ ಕುಡಿದು ಎದ್ದು ಬರುತ್ತೇನೆ. ಇದಕ್ಕೆ ಕಾರಣ ನನ್ನ ಒಡಹುಟ್ಟಿದ ಅಣ್ಣ.

ಅವ್ವನ ತವರು ಕಿತ್ತೂರಿನ ಹತ್ತಿರ. ಮದುವೆಯಾಗಿ ಬೈಲಹೊಂಗಲಕ್ಕೆ ಹೊರಟಾಗ ಅವಳ ಅವ್ವ ಉಡಿಯಲ್ಲಿ ಒಂದು ಬೆಳ್ಳಿ ರೂಪಾಯಿ ಹಾಕಿದ್ದಳು. ಕಿರೀಟ ಹೊತ್ತ ಇಂಗ್ಲೆಂಡಿನ ರಾಣಿಯ ರೂಪಾಯಿ. ಆದರೆ ಕಿತ್ತೂರು ಕಡೆಯವರಿಗೆ ರಾಣಿ ಎಂದರೆ ಒಬ್ಬಳೇ. ಆ ಮುಖ ನಮ್ಮ ರಾಣಿಯದೇ ಎಂದು ಅಜ್ಜಿ ನಂಬಿದ್ದಳು, ಅವ್ವನೂ ನಂಬಿದಳು. ಸಾಲಿಯಲ್ಲಿ ಇಂಗ್ಲಿಷ್ ಅಕ್ಷರ ಕಲಿತ ಮೇಲೆ ನಾನೊಮ್ಮೆ ತಿದ್ದಲು ಹೋದೆ. "ಹೌದೇಳವಾ, ಇಂಗ್ಲಿಷರು ಅಂಜಿ ಆಕಿ ಚಿತ್ರ ಹಾಕ್ಯಾರ" ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು. ಆಮೇಲೆ ಯಾರೂ ಆ ಗೋಜಿಗೆ ಹೋಗಲಿಲ್ಲ.

ರೂಪಾಯಿ ದೇವರ ಜಗುಲಿಯ ಮೇಲಿರುತ್ತಿತ್ತು. ಅವ್ವ ಅದನ್ನು ಎಂದೂ ತಿಕ್ಕಿ ತೊಳೆದವಳಲ್ಲ. ಶುಕ್ರವಾರ ಸವದತ್ತಿ ಗುಡ್ಡದ ಭಂಡಾರ, ಅಂದರೆ ಗುಡಿಯಿಂದ ತಂದ ಅರಿಶಿನದ ಪುಡಿ, ಒಂದು ಚಿಟಿಕೆ ಹಚ್ಚಿ, ಕಣ್ಣಿಗೆ ಒತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದಳು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಎರಡೂ ಕಣ್ಣು ಹೋದವು. ಆಮೇಲೆ ಶುಕ್ರವಾರದ ಪೂಜೆ ಪೂರ್ತಿ ಬೆರಳಿನದಾಯಿತು. ರಾಣಿಯ ಕಿರೀಟ, ಮೂಗು, ಎದೆಯ ಮೇಲಿನ ನೆರಿಗೆ ಎಲ್ಲವನ್ನೂ ಸವರಿ ಸವರಿ ನೋಡುತ್ತ ಬಹಳ ಹೊತ್ತು ಕೂಡುತ್ತಿದ್ದಳು. ಅವಳ ಮುಖ ಅರಳಿದ್ದನ್ನು ನಾನು ಆ ದಿನಗಳಲ್ಲಿ ಕಂಡದ್ದು ಆ ಹೊತ್ತಿನಲ್ಲಿ ಮಾತ್ರ.

ಅಣ್ಣನದು ಬಜಾರದಲ್ಲಿ ಬಟ್ಟೆ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನಿಗೆ ಹಳೆ ನಾಣ್ಯದ ಹುಚ್ಚು ಹತ್ತಿತು. ಬೆಳಗಾವಿಯ ಒಬ್ಬ ದಲಾಲ ಜಗುಲಿಯ ರೂಪಾಯಿ ನೋಡಿ, ಈ ಇಸವಿಯ ರೂಪಾಯಿ ಅಪರೂಪ ಎಂದನಂತೆ. ಅವತ್ತೇ ರೂಪಾಯಿ ಜಗುಲಿಯಿಂದ ಇಳಿಯಿತು. ಕೆಲವು ತಿಂಗಳ ಮೇಲೆ ಅಣ್ಣ ಬಂದು, "ಅವ್ವಾ, ನಿನ್ನ ರೂಪಾಯಿಗೆ ಸ್ಲ್ಯಾಬ್ ಹಾಕಿಸೇನಿ" ಎಂದ. ಅವ್ವ ಖುಷಿಯಿಂದ, "ಯಾವ ಖೋಲಿಗೋ? ಗೌಂಡಿಗಳಿಗೆ ಸಿಹಿ ಊಟಾ ಹಾಕಿದಿಲ್ಲೋ?" ಎಂದು ಕೇಳಿದಳು. ರೂಪಾಯಿ ಮಾರಿ ಮನೆಗೆ ಛತ್ತು ಹಾಕಿಸಿದ್ದಾನೆ ಎಂದು ಅವಳು ತಿಳಿದಿದ್ದಳು. ಹಾಗೆ ಮಾಡಿದ್ದರೂ ಒಂದು ಪಕ್ಷ ಮರ್ಯಾದೆ ಇರುತ್ತಿತ್ತು.

ಈ ಸ್ಲ್ಯಾಬು ಬೇರೆ. ಹೊರದೇಶದ ಕಂಪನಿಯವರು ನಾಣ್ಯ ಪರೀಕ್ಷಿಸಿ, ಅದಕ್ಕೊಂದು ದರ್ಜೆ ಕೊಟ್ಟು, ಚೀಟಿ ಸಮೇತ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಡುತ್ತಾರೆ. ಮತ್ತೆ ತೆಗೆಯಬೇಕೆಂದರೆ ಒಡೆಯಲೇಬೇಕು. ಅಣ್ಣ ಅದನ್ನು ಅವ್ವನ ಕೈಯಲ್ಲಿಟ್ಟ. ಅವಳು ತಿರುವಿ ತಿರುವಿ ಮುಟ್ಟಿ, ಉಗುರಿನಿಂದ ಬಡಿದಳು.

"ರಾಣಿ ಎಲ್ಲೆದಾಳೋ?"

"ಒಳಗದಾಳ."

"ಯಾಕ, ಏನ್ ತಪ್ ಮಾಡ್ಯಾಳ?"

ಅಣ್ಣ ನಕ್ಕ. ಅವ್ವ ನಗಲಿಲ್ಲ. "ತಗದು ಕೊಡೋ ತಮ್ಮಾ, ಕೈಗೆ ಹತ್ತವಲ್ಲಳು" ಎಂದಳು.

ಅಷ್ಟರಲ್ಲಿ ದಲಾಲ ಇನ್ನೊಂದು ಹುಳ ಬಿಟ್ಟಿದ್ದ. ಈ ಕಂಪನಿಯ ಡಬ್ಬಿಗೆ ಕಿಮ್ಮತ್ತಿಲ್ಲ, ಇನ್ನೊಂದು ಕಂಪನಿಯ ಡಬ್ಬಿಗೆ ಹೋದರೆ ಅದೇ ನಾಣ್ಯಕ್ಕೆ ಜನ ಮುಗಿಬೀಳುತ್ತಾರೆ ಎಂದು. ನಾಣ್ಯ ಅದೇ, ರಾಣಿ ಅವಳೇ, ಹೊರಗಿನ ಪ್ಲಾಸ್ಟಿಕ್ ಮಾತ್ರ ಬೇರೆ! ಹಳೆ ಡಬ್ಬಿಯ ಸಮೇತ ಕಳಿಸಿದರೆ ಎರಡನೆಯವರು ಹೊರಗಿನಿಂದಲೇ ನೋಡುತ್ತಾರೆ. ದರ್ಜೆ ಒಪ್ಪಿದರೆ ಒಡೆದು ತಮ್ಮ ಡಬ್ಬಿಗೆ ಹಾಕಿಕೊಳ್ಳುತ್ತಾರೆ, ಇಲ್ಲವಾದರೆ ಹಾಗೇ ಹಿಂದಕ್ಕೆ ಕಳಿಸುತ್ತಾರೆ. ಅಣ್ಣ ಇದಕ್ಕೆ 'ಮನಿ ಬದಲಿ' ಎನ್ನುತ್ತಿದ್ದ. "ಒಂದ್ ಚಲೋ ಮನಿ ಸಿಗಲಿ ಅವ್ವಾ, ಆಮ್ಯಾಲ ನಿನ್ನ ಕೈಯಾಗ ಕೊಡತೇನಿ" ಎಂದು ಮಾತು ಕೊಟ್ಟ. ಅವ್ವ ನಂಬಿದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ರಾಣಿಯ ಕಿರೀಟದ ಸಂದಿಯಲ್ಲೂ ಅಕ್ಷರಗಳ ಸುತ್ತಲೂ ಹಳದಿ ಕೂತಿತ್ತಲ್ಲ, ಅದನ್ನು ಅಣ್ಣ ಬಂದವರಿಗೆಲ್ಲ 'ಟೋನಿಂಗ್' ಎಂದು ತೋರಿಸುತ್ತಿದ್ದ. ನೂರು ವರ್ಷ ಗಾಳಿಗೆ ಬೆಳ್ಳಿ ತಾನೇ ತಾಳಿದ ಬಣ್ಣವಂತೆ. ಅದು ಶುಕ್ರವಾರದ ಭಂಡಾರ ಎಂದು ನಾನು ಹೇಳಿದರೆ, "ನೀ ಸುಮ್ನಿರು, ಕಂಪನಿಯವ್ರಿಗಿಂತಾ ಶಾಣ್ಯಾಳೇನ?" ಎಂದ. ಮೊದಲ ಕಂಪನಿ ಅದನ್ನು ನುಂಗಿಕೊಂಡಿತ್ತು. ಎರಡನೆಯದು ನುಂಗಲಿಲ್ಲ. ಮೇಲೇನೋ ಮೆತ್ತಿದೆ ಎಂದು ಬರೆದು ಡಬ್ಬಿ ಬಿಚ್ಚದೆ ವಾಪಸು ಕಳಿಸಿತು. ಅಣ್ಣ ಕೆಂಡವಾಗಿ ಕುರುಡು ತಾಯಿಯ ಮುಂದೆ ನಿಂತು, "ನಿನ್ನ ಹೊಲಸು ಭಂಡಾರದಿಂದ ಎಲ್ಲಾ ಕೆಟ್ಟಿತು" ಎಂದ. ಗುಡ್ಡದ ಭಂಡಾರಕ್ಕೆ ಹೊಲಸು ಎಂದ ಬಾಯಿ ಅದು.

ನಾನು ರಾಮದುರ್ಗದಿಂದ ಪಂಚಮಿಗೆ ತವರಿಗೆ ಬಂದಿದ್ದೆ. ಅವತ್ತು ಪಡಸಾಲೆಯಲ್ಲಿ ಕೂತು ಅಣ್ಣ ಇಕ್ಕಳದಿಂದ ಡಬ್ಬಿ ಒಡೆದ. ಬಿಳಿ ಕೈಗವಸು ಹಾಕಿಕೊಂಡಿದ್ದ, ದೊಡ್ಡ ಆಸ್ಪತ್ರೆಯ ಡಾಕ್ಟರನ ಹಾಗೆ. ಪಕ್ಕದಲ್ಲಿ ಗಾಜಿನ ಬಟ್ಟಲು, ಅದರಲ್ಲಿ ಉಗುರಿನ ಬಣ್ಣ ತೆಗೆಯುವ ನೀರಿನಂಥ ದ್ರಾವಣ. ಮನೆಯೆಲ್ಲ ಅದೇ ನಾತ. ನನ್ನ ಕೈಯ ಉಂಡಿ ಬಾಯಿಗೆ ಹೋಗಲಿಲ್ಲ. ಪ್ಲಾಸ್ಟಿಕ್ ಸಿಡಿದ ಸಪ್ಪಳಕ್ಕೆ ಅವ್ವ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು.

"ಒಡದೇನೋ? ಕೊಡಪಾ ಇಲ್ಲೆ, ಒಂದ್ ಸಲ."

"ಮುಟ್ಟಬ್ಯಾಡ ಅವ್ವಾ. ಬೆರಳಿನ ಎಣ್ಣಿ ಹತ್ತತೈತಿ."

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಚಾಚಿದಳು. ಎರಡೂ ಅಂಗೈ ಕೂಡಿಸಿ, ಗುಡಿಯಲ್ಲಿ ತೀರ್ಥಕ್ಕೆ ಚಾಚಿದ ಹಾಗೆ. ಅಷ್ಟರಲ್ಲಿ ರಾಣಿ ಬಟ್ಟಲೊಳಗೆ ಮುಳುಗಿಯಾಗಿತ್ತು.

"ಹಡದಾಕಿ ಕೈಯೋ ಅದು, ಗಾಣ ಅಲ್ಲ!" ಎಂದು ನಾನು ಕೂಗಾಡಿದೆ. ಅಣ್ಣ ತಲೆ ಎತ್ತಲಿಲ್ಲ. ದ್ರಾವಣ ನಿಧಾನ ಹಳದಿಯಾಯಿತು. ಅದನ್ನು ಬಚ್ಚಲಿಗೆ ಚೆಲ್ಲಿ ಬಂದ. ಅವ್ವನ ಅಷ್ಟೂ ಶುಕ್ರವಾರಗಳು ಬಚ್ಚಲಿಗೆ ಹೋದವು. ಥೂ, ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ.

ಬೆತ್ತಲೆ ನಾಣ್ಯ ಎರಡನೆಯ ಕಂಪನಿಗೆ ಮತ್ತೆ ಹೋಯಿತು. ಈ ಸಲ ಒಪ್ಪಿದರು, ದರ್ಜೆಯೂ ಏರಿತು. ಅಣ್ಣ ಓಣಿಗೆಲ್ಲ ಪೇಢೆ ಹಂಚಿದ. ದೀಪಾವಳಿಗೆ ನಾನು ಬಂದಾಗ ಅವನೇ ನನ್ನನ್ನು ಹಿತ್ತಲಿಗೆ ಕರೆದು, ಪುಣೆಯ ಯಾರೋ ಸಾಹುಕಾರನಿಗೆ ಅದನ್ನು ಮಾರಿದ್ದಾಗಿ ಎದೆಯುಬ್ಬಿಸಿ ಹೇಳಿದ. "ಅವ್ವಗ?" ಎಂದೆ. "ಅದರ ವ್ಯವಸ್ಥಾ ಮಾಡೇನಿ" ಎಂದ.

ಲಕ್ಷ್ಮೀಪೂಜೆಯ ದಿನ ಮುಂಜಾನೆ ಆ ವ್ಯವಸ್ಥೆ ನೋಡಿದೆ. "ತೊಗೋ ಅವ್ವಾ, ಡಬ್ಬಿ ತಗಸಿ ತಂದೇನಿ" ಎಂದು ಅಣ್ಣ ಒಂದು ರೂಪಾಯಿಯನ್ನು ಅವಳ ಅಂಗೈಯಲ್ಲಿಟ್ಟ. ಅದೂ ರಾಣಿಯ ರೂಪಾಯಿಯೇ, ಆದರೆ ಅಂಚಿನಲ್ಲಿ ಒಂದು ಗಂಟು. ಯಾರೋ ದಾರ ಪೋಣಿಸುವ ಕೊಳಿಕೆ ಬೆಸೆದು ಸರಕ್ಕೆ ಹಾಕಿಕೊಂಡಿದ್ದನ್ನು ಕಿತ್ತಿದ್ದರು. ಅಂಥದ್ದಕ್ಕೆ ಯಾವ ಕಂಪನಿಯ ಡಬ್ಬಿಯೂ ಸಿಗುವುದಿಲ್ಲ, ಅದಕ್ಕೇ ಅವ್ವನ ಪಾಲಿಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಹೊಡೆದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲವಂತೆ. ಇವನು ಹೆತ್ತವಳ ಕುರುಡುತನವನ್ನೂ ಬಿಡಲಿಲ್ಲ.

ಅವ್ವನ ಮುಖ ಅರಳಿತು. ಬೆರಳು ಕಿರೀಟದ ಮೇಲೆ ಓಡಿತು, ಮೂಗಿನ ಮೇಲೆ ಓಡಿತು, ಅಂಚಿಗೆ ಬಂದು ಗಂಟಿನ ಮೇಲೆ ನಿಂತಿತು. ಮುಖ ಹಾಗೇ ಆರಿತು. "ಚಲೋ ಆತಪಾ. ಹೊತ್ತಾತು, ಅಂಗಡಿಗೆ ನಡಿ" ಎಂದಳು. ಅಣ್ಣ ಗೆದ್ದವನ ಹಾಗೆ ಚಪ್ಪಲಿ ಮೆಟ್ಟಿ ಹೋದ.

ಚಪ್ಪಲಿಯ ಸಪ್ಪಳ ಓಣಿಯ ಕೊನೆ ಮುಟ್ಟುವವರೆಗೆ ಅವ್ವ ಆಲಿಸಿದಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದು, ರೂಪಾಯಿ ಇಟ್ಟು ಮುಷ್ಟಿ ಮುಚ್ಚಿದಳು.

"ಇದು ಯಾವಾಕಿದೋ ಕೊಳ್ಳಾಗಿಂದು, ಯವ್ವಾ. ಯಾರದಂತ ನಿಮ್ಮ ಅಣ್ಣನ್ನ ಕೇಳಿ ಕೊಟ್ಟ ಬಾ. ಪಾಪ, ಆಕಿನೂ ಹುಡಕಾಕತ್ತಿರತಾಳ."