ಅಗ್ನಿ ದೋಣಿ ಹತ್ತಿದ ದಿನ

ನಮ್ಮ ಮಾವನವರು ಅಗ್ನಿಹೋತ್ರಿಗಳು. ಮದುವೆಯಂದು ಹೂಡಿದ ಅಗ್ನಿಯನ್ನು ಆರದಂತೆ ಕಾಯುವುದು, ಸತ್ತಾಗ ಅದೇ ಅಗ್ನಿಯಲ್ಲಿ ದಹನವಾಗುವುದು, ಇವೆರಡೇ ಅವರ ಉದ್ಯೋಗ. ಕಾಯುವವರು ಅವರು, ಬೆರಣಿ ತಟ್ಟಿ, ಬೆಳಗಿನ ಜಾವ ಎದ್ದು ಕೆಂಡ ಕೆದಕುವವರು ಅತ್ತೆ. ಕೆಲಸವನ್ನು ಇಷ್ಟು ನ್ಯಾಯವಾಗಿ ಹಂಚಿಕೊಂಡ ಸಂಸಾರವನ್ನು ನಾನು ಬೇರೆಲ್ಲೂ ಕಾಣೆ.

ನಂಜನಗೂಡು ಬಿಟ್ಟು ತಿರುಮಕೂಡಲಿನಲ್ಲಿ ನೆಲೆಸಲು ಹೊರಟೆವು. ನರಸೀಪುರದವರೆಗೆ ಗಾಡಿ, ಅಲ್ಲಿ ಕಪಿಲೆಯನ್ನು ದೋಣಿಯಲ್ಲಿ ದಾಟಬೇಕು. ನಮ್ಮ ಸಾಮಾನೆಂದರೆ ಕರ್ಪೂರ, ತುಪ್ಪ, ದೀಪದ ಬತ್ತಿಗೆಂದು ಎರಡು ಮೂಟೆ ಹತ್ತಿ. ಅಗ್ನಿಯನ್ನು ತುಂಬಿಕೊಂಡಿದ್ದ ಕೆಂಡದ ಮಡಕೆ ಅಲುಗದಿರಲೆಂದು ಮಾವ ಅದನ್ನು ಹತ್ತಿ ಮೂಟೆಗಳ ನಡುವೆಯೇ ಇರಿಸಿದರು. ವೇದ ಓದಿದವರು, ಹೆಂಗಸರಾದ ನಾವು ಹೇಳುವುದೇನಿದೆ. ಆ ಅಗ್ನಿಯ ಮಹಿಮೆಯನ್ನು ಅಂಬಿಗನಿಗೂ ಸಾಂಗವಾಗಿ ವಿವರಿಸಿದರು.

ನಡುಹೊಳೆಯಲ್ಲಿ ಒಂದು ಮೂಟೆ ಹೊಗೆಯಾಡಿತು. ನನ್ನ ಮಡಿಲಲ್ಲಿ ಐದು ತಿಂಗಳ ಮಗಳಿದ್ದಳು. ನನಗೆ ಈಜು ಬಾರದು.

"ಮೂಟೆ ಬಿಚ್ಬ್ಯಾಡಿ ಸಾ. ಗಾಳಿ ಆಡ್ದಂಗೆ ಒದ್ದೆ ಗೋಣಿ ಮುಚ್ಚಿ," ಎಂದ ಅಂಬಿಗ.

ನನ್ನ ಯಜಮಾನರು ಲೋಯರ್ ಸೆಕೆಂಡರಿ ಪಾಸಾದವರು, ಕಣ್ಣಾರೆ ನೋಡದೆ ಏನನ್ನೂ ನಂಬರು. ಒಳಗೆ ಏನಾಗಿದೆಯೆಂದು ನೋಡಲು ಮೂಟೆ ಬಿಚ್ಚಿದರು. ಭಗ್ಗೆಂದು ಉರಿ ಎದ್ದು ಅವರ ಅರ್ಧ ಮೀಸೆ ಹೋಯಿತು.

ಅಂಬಿಗ ಹುಟ್ಟು ಬಿಟ್ಟು ನೀರು ಮೊಗೆಯಲು ಬಾಗಿದ.

"ನಿಲ್ಲು. ಅಗ್ನಿಗೆ ನೀರು ಹಾಕಕೂಡದು," ಎಂದರು ಮಾವ.

"ನೀವ್ ಸತ್ತಾಗ ಸುಡಾಕೆ ಮಡಗಿರೋ ಬೆಂಕಿ ಅಂದ್ರಲ್ಲ ಸಾ. ಅದು ಇವತ್ತೇ ಆಗ್ಬೇಕಾ?"

ಸುತ್ತಲೂ ಹೊಳೆ ತುಂಬ ನೀರು, ಮಾವ ಶಾಸ್ತ್ರದಲ್ಲಿ ದಾರಿ ಹುಡುಕುತ್ತಿದ್ದರು. ಮಗುವನ್ನು ಎದೆಗೊತ್ತಿಕೊಂಡು ನಾನು ದೋಣಿಯ ತುದಿಗೆ ಸರಿದೆ. ಅಂಥ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಅತ್ತೆ ಒಮ್ಮೆ ಮಗುವಿನ ಮುಖ ನೋಡಿದರು. ಕೊಡವನ್ನು ಹೊಳೆಗೆ ಅದ್ದಿ, ಉರಿ ಆರುವವರೆಗೆ ಮೂಟೆಯ ಮೇಲೆ ಸುರಿದರು. ಆಮೇಲೆ ಇನ್ನೊಂದು ಕೊಡ ತುಂಬಿ, ಯಾರೂ ಕೇಳದಿದ್ದರೂ, ಮಡಕೆಯೊಳಕ್ಕೂ ಸುರಿದರು.

"ನನ್ನ ಚಿತೆಗೂ ಇದೇ ಬೆಂಕಿ ಅಲ್ಲವೆ," ಎಂದರು ಮಾವನಿಗೆ. "ನನಗೆ ಬೇಡ."

ದಡ ಸೇರಿದೊಡನೆ ಮಾವ ಅಗ್ನಿಯನ್ನು ಮತ್ತೆ ಹೂಡಬೇಕೆಂದರು. ಅದಕ್ಕೆ ಹೆಂಡತಿ ಪಕ್ಕದಲ್ಲಿ ಕೂತಿರಲೇಬೇಕು. ಮುಹೂರ್ತ ಇಡಿಸಿದಾಗಲೆಲ್ಲ ಅತ್ತೆಗೆ ಸೊಂಟನೋವು ಬರುತ್ತಿತ್ತು. ಬಿಸಿಲೇರುವವರೆಗೂ ಅವರು ಮಲಗಿದ್ದುದನ್ನು ನಾನು ಮೊದಲ ಸಲ ಕಂಡದ್ದು ತಿರುಮಕೂಡಲಿನಲ್ಲಿ.