ಟೀಚರಮ್ಮನ ಮನೆಯ ಮೀಟರ್

ನೀರಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಮೀಟರ್ ಓದಿದ ಆ ಮನುಷ್ಯನನ್ನು ಜನ ಮೀಟರಪ್ಪ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವನ ಚೀಲದಲ್ಲಿ ಒಂದು ಟಾರ್ಚು, ಗಾಜಿನ ಮೇಲಿನ ಕೆಸರು ಒರೆಸಲು ಸವೆದ ಹಲ್ಲುಜ್ಜುವ ಬ್ರಷ್ಷು, ಎರಡೂ ತುದಿ ಕೆತ್ತಿದ ಪೆನ್ಸಿಲ್ಲು. ಗುಂಡಿಯ ಮುಚ್ಚಳ ಎತ್ತಿ, ಬಗ್ಗಿ, ಅಂಕಿಯನ್ನು ಎರಡು ಸಲ ಓದಿ ಒಂದು ಸಲ ಬರೆಯುವುದು ಅವನ ಪದ್ಧತಿ. ಅವನು ಹೆದರುತ್ತಿದ್ದದ್ದು ನಾಯಿಗಳಿಗೆ ಮಾತ್ರ. ಎಡಗಾಲಿನ ಮೀನಖಂಡದ ಮೇಲೆ ಅದಕ್ಕೆ ನಾಲ್ಕು ಹಲ್ಲಿನ ಗುರುತೂ ಇತ್ತು.

ಅಷ್ಟು ವರ್ಷಗಳಲ್ಲಿ ಅವನು ಸುಳ್ಳು ಬರೆದದ್ದು ಒಂದೇ ಮನೆಗೆ, ಮೂರೇ ಸಲ.

ಒಂಟಿಯಾಗಿದ್ದ ನಿವೃತ್ತ ಟೀಚರಮ್ಮನ ಮನೆ ಅದು. ಗೇಟಿಗೆ ಬೀಗ ಹಾಕಿಕೊಂಡು ಆಗಾಗ ವಾರಗಟ್ಟಲೆ ಎಲ್ಲಿಗೋ ಹೋಗಿಬಿಡುವುದು ಅವರ ರೂಢಿ. ಹಿಂದಿನ ಓಣಿಯ ಕಡೆ ತಂತಿ ಸುತ್ತಿದ ಚಿಕ್ಕ ಬಾಗಿಲೊಂದಿತ್ತು, ಆದರೆ ಆ ಓಣಿ ನಾಯಿಗಳ ರಾಜ್ಯ. ಬೀಗ ಹಾಕಿದ ಮನೆಗೆ ‘ಬೀಗ’ ಎಂದು ಬರೆಯಬೇಕು ನಿಜ. ಎರಡನೇ ಸಲವೂ ಹಾಗೇ ಬರೆದರೆ ಓದುವವನಿಗೇ ನೋಟಿಸು. ಆದ್ದರಿಂದ ಕಚೇರಿಯಲ್ಲಿ ಎಲ್ಲರೂ ಹಿಂದಿನ ಸರಾಸರಿ ನೋಡಿ ಅಂಕಿ ಕೂಡಿಸುತ್ತಿದ್ದರು. ಡಿಸೆಂಬರ್ ಐದಕ್ಕೆ ಅಲ್ಲಿ 1388 ಇತ್ತು. ಅದನ್ನು ಅವನು ಕಣ್ಣಾರೆ ಓದಿದ್ದ. ಆಮೇಲೆ ಜನವರಿ, ಫೆಬ್ರವರಿ, ಮಾರ್ಚ್ ಐದಕ್ಕೆ ತಲಾ ಎಂಟು ಕೂಡಿಸಿದ. ಮೀಟರಿನ ಒಂದಂಕಿ ಅಂದರೆ ಸಾವಿರ ಲೀಟರ್. ಪುಸ್ತಕದಲ್ಲಿ 1412 ಆಯಿತು.

ಮಾರ್ಚ್ ಹದಿನಾಲ್ಕಕ್ಕೆ ತಪಾಸಣಾ ದಳ ಬರುತ್ತದೆ, ಪುಸ್ತಕಕ್ಕೂ ಮೀಟರಿಗೂ ತಾಳೆ ನೋಡುತ್ತದೆ ಎಂದು ಸುದ್ದಿಯಾದಾಗ ಅವನಿಗೆ ಊಟ ಸೇರಲಿಲ್ಲ. ಹೆಂಡತಿಗೆ ಎಲ್ಲ ಹೇಳಿಕೊಂಡ. ದಳ ಬಂತು, ಬೀಗ ತೆಗೆಸಿ ಗುಂಡಿ ನೋಡಿತು, ಹೋಯಿತು. ಮೀಟರಿನಲ್ಲಿ 1412 ಇತ್ತು.

“ಟೀಚರಮ್ಮ ನಡುವೆ ಬಂದು ಹೋಗ್ತಿದ್ರು ಅಂತ ಕಾಣುತ್ತೆ ಕಣೇ. ಬಡವನ ಪುಣ್ಯ,” ಎಂದ ಮನೆಗೆ ಬಂದು.

“ಇನ್ನಾದ್ರೂ ನೋಡಿ ಬರೀರಿ,” ಎಂದಳು ಅವಳು, ತಲೆಯೆತ್ತದೆ.

ಎರಡು ವಾರದ ಮೇಲೆ ಟೀಚರಮ್ಮ ಸಿಕ್ಕರು. ತಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ, ತಲೆಗೆ ಪೆಟ್ಟು ಬಿದ್ದು, ಮುಚ್ಚಿದ ಕಿಟಕಿಗಳ ನಡುವೆ ದೇಹ ಒಣಗಿಹೋಗಿತ್ತು. ಸತ್ತ ದಿನ ಹೇಳಲಾಗದು ಎಂದರು ಡಾಕ್ಟರು. ಹೇಳಿದ್ದು ನೀರಿನ ಪುಸ್ತಕ. ಮಾರ್ಚ್ ಐದರವರೆಗೆ ತಿಂಗಳಿಗೆ ಎಂಟರಂತೆ ನೀರು ಖರ್ಚಾಗಿದೆ, ಆಮೇಲೆ ಒಂದು ತೊಟ್ಟೂ ಇಲ್ಲ. ಅಂದಮೇಲೆ ಸತ್ತದ್ದು ಐದನೇ ತಾರೀಖಿನ ಆಸುಪಾಸು. ಮನೆಗಾಗಿ ಜಗಳವಾಡಿದ್ದ ಅವರ ತಂಗಿಯ ಮಗ ಜನವರಿ ಎರಡಕ್ಕೇ ಹಡಗಿನ ಕೆಲಸಕ್ಕೆ ಹೋಗಿದ್ದ, ಅವನು ಪಾರಾದ. ಪಕ್ಕದ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದ ಪೇಂಟರು ಅದೇ ಐದನೇ ತಾರೀಖು ಗೋಡೆ ಹಾರಿ ಟೀಚರಮ್ಮನ ಹಿತ್ತಲಿಗೆ ಇಳಿದದ್ದನ್ನು ಇಬ್ಬರು ನೋಡಿದ್ದರು. “ಬಣ್ಣ ಕಲಸೋಕೆ ಎರಡು ಬಕೆಟ್ ನೀರು ಹಿಡಿದೆ, ಅಷ್ಟೇ,” ಎಂದ ಅವನು. ಅವನನ್ನು ಒಳಗೆ ಹಾಕಿದರು.

ಮೀಟರಪ್ಪ ಹೆಂಡತಿಗೂ ಹೇಳದೆ ಠಾಣೆಗೆ ಹೋದ.

“ಸಾರ್, ಆ ಮೂರು ಅಂಕಿ ನಾನು ನೋಡಿ ಬರೆದದ್ದಲ್ಲ. ಸುಮ್ನೆ ಕೂಡಿಸಿದ್ದು.”

ಇನ್ಸ್‌ಪೆಕ್ಟರು ದಳದ ವರದಿ ತಿರುವಿ ನೋಡಿದರು. “ಏನ್ರೀ, ನೀವು ಸುಮ್ನೆ ಬರೆದಿದ್ದಕ್ಕೆ ಸರಿಯಾಗಿ ಮೀಟರ್ ತಿರುಗಿತಾ? ಹಂಗಿದ್ರೆ ನನ್ನ ಸಂಬಳಾನೂ ಸ್ವಲ್ಪ ಕೂಡಿಸಿ ಬರೀರಿ, ನೋಡೋಣ.” ಪೇದೆಗಳು ನಕ್ಕರು. “ಹೋಗಿ, ಕೆಲಸ ನೋಡ್ಕೊಳ್ಳಿ.”

ಅವನು ಹೊರಗೆ ಬಂದಾಗ ಪೇಂಟರನ ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಮಗನ ಕೆಲಸದ ಅಂಗಿಯನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. “ನೀವು ಒಳಗಿನೋರಾ ಅಣ್ಣಾ? ಯಾವಾಗ ಬಿಡ್ತಾರಂತೆ?” ಎಂದಳು. ಅವನು ಚಪ್ಪಲಿ ಹುಡುಕುವವನಂತೆ ಬಗ್ಗಿದ.

ಅಂದಿನಿಂದ ಅವನನ್ನು ಆ 1412 ಹಿಡಿದುಕೊಂಡಿತು. ಟೀಚರಮ್ಮ ಹಿಂದೆಂದೂ ಎರಡು ತಿಂಗಳು ಒಂದೇ ಸಮ ನೀರು ಬಳಸಿದವರಲ್ಲ. ಒಂದು ತಿಂಗಳು ಏಳು, ಇನ್ನೊಂದು ತಿಂಗಳು ಒಂಬತ್ತು. ಬದುಕಿರುವವರು ಯಾರೂ ಅಷ್ಟು ಕರಾರುವಾಕ್ಕಾಗಿ ಬದುಕುವುದಿಲ್ಲ. ಹಾಗಾದರೆ ನೀರು ಕುಡಿದದ್ದು ಯಾರು? ಬೆಳಗಿನ ಬಿಸಿಲಲ್ಲೇ ಅವನಿಗೆ ಎಲ್ಲೋ ಸಣ್ಣಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮನೆಯ ನಲ್ಲಿಗಳನ್ನೆಲ್ಲ ಬಿಗಿದು, ಅಂಗಳಕ್ಕೆ ಹೋಗಿ ತಮ್ಮದೇ ಮೀಟರಿನ ಮುಂದೆ ಮಂಡಿಯೂರುತ್ತಿದ್ದ. ಕೆಂಪು ಮುಳ್ಳು ನಿಂತಿರುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದರೆ ತಿರುಗಿದಂತೆನಿಸಿ ಮತ್ತೆ ಮಂಡಿಯೂರುತ್ತಿದ್ದ. ನಾನು ಬರೆದ ಸುಳ್ಳನ್ನು ಸತ್ತವರೇ ಬಂದು ನಿಜ ಮಾಡಿಕೊಟ್ಟರೇ ಎಂಬ ಯೋಚನೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ. ಹೆಂಡತಿ ಎದುರಿಗೆ ಬಟ್ಟೆ ಮಡಿಸುತ್ತಿದ್ದಳು.

“ಏನ್ರೀ ಅದು, ರಜಾ ದಿನಾನೂ?”

ಆಗ ಮೊದಲ ಸಲ ಅವಳಿಗೆ ಠಾಣೆಯ ವಿಷಯ ಹೇಳಿದ. ತನ್ನ ಅಂಕಿಗಳಿಂದಲೇ ಪೇಂಟರು ಒಳಗಿರುವುದನ್ನೂ, ಮೆಟ್ಟಿಲ ಮೇಲಿನ ಆ ತಾಯಿಯನ್ನೂ ಹೇಳಿದ. ಅವಳ ಕೈ ನಿಂತಿತು. ಅವನು ಕಾಗದ ನೋಡುತ್ತಲೇ ಮಾತು ಮುಂದುವರಿಸಿದ.

“ದೆವ್ವಕ್ಕೆ ನೀರು ಬೇಕಾಗಲ್ಲ. ಯಾರೋ ಬೇಕಂತಲೇ ಬಿಟ್ಟಿದ್ದಾರೆ. ಅರ್ಧ ಇಂಚಿನ ನಲ್ಲಿ, ಗಂಟೆಗೆ ಆರುನೂರು ಲೀಟರ್. ಇಪ್ಪತ್ನಾಲ್ಕು ಸಾವಿರಕ್ಕೆ ನಲವತ್ತು ಗಂಟೆ. ಹಗಲಲ್ಲಿ ಮಾತ್ರ ಅಂದ್ರೆ ದಿನಕ್ಕೆ ಎಂಟು ಗಂಟೆ. ಐದು ದಿನ ಆಗುತ್ತೆ.”

“ಆರು ದಿನ,” ಎಂದಳು ಹೆಂಡತಿ.

ಅವನು ಲೆಕ್ಕದ ಮೇಲೆ ಬೆರಳಾಡಿಸಿದ. “ಇಲ್ವೇ, ಸರಿಯಾಗಿ ಐದು.”

“ಆರು. ಗುರುವಾರ ನೀರೇ ಬಿಡಲಿಲ್ಲ.”

ಪೆನ್ಸಿಲ್ಲು ಉರುಳಿ ನೆಲಕ್ಕೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

“ನಿಮ್ಮ ಕೆಲಸ ಹೋಗುತ್ತೆ ಅಂತ ಅಲ್ವಾ ಅಳ್ತಾ ಕೂತಿದ್ರಿ,” ಎಂದಳು ಅವಳು. “ನಾಯಿಗಳಿಗೆ ನಾಲ್ಕು ಬಿಸ್ಕತ್ತು ಹಾಕಿದ್ರೆ ಮುಗೀತು, ನಿಮ್ಗೆ ಅಷ್ಟೂ ಧೈರ್ಯ ಇಲ್ಲ. ತಂತಿ ಬಿಚ್ಚಿ ಒಳಗೆ ಹೋದೆ. ಹಿಂದುಗಡೆ ನಲ್ಲಿ ಇತ್ತು, ಆ ಕೋಣೆ ಕಿಟಕಿ ಕೆಳಗೆ. ಬೆಳಗ್ಗೆ ನೀವು ಹೋದ್ಮೇಲೆ ತಿರುಗಿಸೋದು, ನೀವು ಬರೋದ್ರೊಳಗೆ ನಿಲ್ಲಿಸೋದು. ಮೀಟರ್ ಓದೋದು ಮದುವೆಯಾದ ಹೊಸದ್ರಲ್ಲಿ ನೀವೇ ಕಲಿಸಿದ್ರಲ್ಲ. ನಿಮ್ಮ ಪುಸ್ತಕದಲ್ಲಿದ್ದ ಅಂಕಿಗೆ ಬಂದ ತಕ್ಷಣ ಬಂದ್ ಮಾಡ್ದೆ. ನೀರು ತನ್ನ ಹಿತ್ತಲಿಗೆ ನುಗ್ಗಿತು ಅಂತ ಪಕ್ಕದ ದರ್ಜಿ ಬೈದ. ಏಳನೇ ತಾರೀಖಿನಿಂದ ಹನ್ನೆರಡರವರೆಗೆ.”

“ಒಳಗೆ ಅವರು...”

“ಗೊತ್ತಿರ್ಲಿಲ್ಲ ರೀ! ದಿನಾ ಕಿಟಕಿ ಹತ್ರ ನಿಂತು ಕೂಗ್ತಿದ್ದೆ. ‘ಟೀಚರಮ್ಮಾ, ಸ್ವಲ್ಪ ನೀರು ತಗೋತೀನಿ’ ಅಂತ. ಕೇಳ್ದೆ ತಗೊಂಡ್ರೆ ಕಳ್ಳತನ ಅಲ್ವಾ. ಯಾರೂ ಬೇಡ ಅನ್ನಲಿಲ್ಲ.”

ಪೊಲೀಸರಿಗೆ ಹೇಳಿದರೆ ಕೆಲಸ ಹೋಗುವುದಷ್ಟೇ ಅಲ್ಲ, ಹೆಂಡತಿಯೂ ಕಟಕಟೆ ಹತ್ತಬೇಕಾಗಬಹುದು. ಹೇಳದಿದ್ದರೆ ಆ ತಾಯಿ ಅಂಗಿ ಮಡಿಸುತ್ತಲೇ ಇರುತ್ತಾಳೆ. ಕೊನೆಗೆ ಮೀಟರಪ್ಪ ಕೇಳಿದ್ದು ಒಂದೇ ಪ್ರಶ್ನೆ, ತನ್ನ ಕಸುಬಿನ ಪ್ರಶ್ನೆ.

“ಮೊದಲ ದಿನ ನಲ್ಲಿ ತಿರುಗಿಸೋ ಮುಂಚೆ ಎಷ್ಟಿತ್ತು?”

“1390. ಎರಡು ಸಲ ಓದಿದೆ.”

ಡಿಸೆಂಬರ್ ಐದರ 1388ರ ಮೇಲೆ ಎರಡು. ಎರಡು ಸಾವಿರ ಲೀಟರ್. ಟೀಚರಮ್ಮನ ಒಂದು ವಾರದ ನೀರು. ಅಲ್ಲಿಗೆ ಅವರ ಲೆಕ್ಕ ಮುಗಿದಿತ್ತು: ಡಿಸೆಂಬರ್ ಹನ್ನೆರಡೋ ಹದಿಮೂರೋ. ತಂಗಿಯ ಮಗ ಇನ್ನೂ ಹಡಗು ಹತ್ತಿರಲಿಲ್ಲ.

“ಸೀರೆ ಬದಲಾಯಿಸ್ಕೋ,” ಎಂದ ಅವನು.

“ಬೇಡ. ಇದೇ ಸಾಕು, ನಡೀರಿ.”

ಈ ಸಲ ಇನ್ಸ್‌ಪೆಕ್ಟರು ನಗಲಿಲ್ಲ. ದರ್ಜಿಯನ್ನು ಕರೆಸಿದರು, ಅವನು ಅವಳನ್ನು ನೋಡಿದ ಕೂಡಲೇ “ಇವರೇ ಸಾರ್, ಒಂದು ವಾರ ನನ್ನ ಹಿತ್ತಲು ಕೆರೆ ಮಾಡಿದ್ರು,” ಎಂದ. ಒಂಬತ್ತನೇ ದಿನ ಪೇಂಟರು ಹೊರಗೆ ಬಂದ. ತಂಗಿಯ ಮಗನನ್ನು ಹಡಗು ದಡ ಮುಟ್ಟಿದಲ್ಲೇ ಹಿಡಿದರು. ಅವಳನ್ನು ಸಾಕ್ಷಿಯೆಂದು ಬರೆದುಕೊಂಡು ಬಿಟ್ಟರು. ಮೀಟರಪ್ಪನ ಕೆಲಸ ಹೋಯಿತು. ಈಗ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿದ್ದಾನೆ.

ಅವನಿಗೆ ಆ ಸದ್ದು ಮತ್ತೆ ಕೇಳಿಸಿಲ್ಲ. ಅವಳು ಮಾತ್ರ ಇವತ್ತಿಗೂ ನಲ್ಲಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ಕಾಯುತ್ತಾಳೆ, ಯಾರಾದರೂ ಬೇಡ ಅಂದಾರು ಎಂಬಂತೆ.